ಒಂದೇ ಹಾಳೆ, 41 ಮಕ್ಕಳು, 8 ತಿಂಗಳು

ಕಳೆದ ವಾರ ನಮ್ಮ 9ನೇ ತರಗತಿಯ ಪ್ರಾಜೆಕ್ಟ್ ಮುಗಿಯಿತು. ಶುರು ಮಾಡಿದ್ದು ಜೂನ್‌ನಲ್ಲಿ, ಮುಗಿಸಿದ್ದು ಫೆಬ್ರವರಿಯಲ್ಲಿ. ಮಕ್ಕಳೆಲ್ಲ ಸೇರಿ ಆನ್‌ಲೈನ್‌ನಲ್ಲಿ ಒಂದೇ ಕಡೆ ಬರೆಯಬೇಕು, ನನ್ನ ಆಸೆ ಇದ್ದದ್ದು ಅಷ್ಟೇ. ಕೇಳಲು ಎಷ್ಟು ಸುಲಭ ಅಲ್ವಾ? ಈಗ ಅಕ್ಕಪಕ್ಕದ ಶಾಲೆಗಳಿಂದ ಫೋನ್ ಬರುತ್ತಿದೆ, "ಹೇಗೆ ಮಾಡಿದ್ರಿ ಮೇಡಂ?" ಎಂದು. ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಬಿದ್ದ ಗುಂಡಿಗಳಲ್ಲಿ ಅರ್ಧವಾದರೂ ನಿಮಗೆ ತಪ್ಪಲಿ.

ನಾನು ಸಾಗರ ತಾಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. 19 ವರ್ಷ ಆಯಿತು. ಕಂಪ್ಯೂಟರ್ ಎಂದರೆ ನನಗೆ ಗೊತ್ತಿದ್ದದ್ದು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಮಕ್ಕಳ ದಾಖಲೆ ಇಡುವ ಇಲಾಖೆಯ ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬುವುದು. ಕೊರೊನಾ ಕಾಲದಲ್ಲಿ ವಾಟ್ಸ್ಆ್ಯಪ್‌ನಲ್ಲಿ ನೋಟ್ಸ್‌ನ ಫೋಟೋ ಕಳಿಸಿ ಅದನ್ನೇ ಆನ್‌ಲೈನ್ ಪಾಠ ಎಂದು ಕರೆದವರಲ್ಲಿ ನಾನೂ ಒಬ್ಬಳು.

ಈ ಕೆಲಸಕ್ಕೆ ಕೈ ಹಾಕಿದ್ದು ಸುತ್ತೋಲೆ ಬಂದು ಅಲ್ಲ, ಸಿಟ್ಟು ಬಂದು. ಪ್ರತಿ ವರ್ಷ ಊರಿನ ಇತಿಹಾಸದ ಬಗ್ಗೆ ಪ್ರಾಜೆಕ್ಟ್ ಕೊಡುತ್ತೇನೆ. ಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ 60 ರೂಪಾಯಿಗೆ ಸಿದ್ಧ ಪ್ರಾಜೆಕ್ಟ್ ಸಿಗುತ್ತದೆ, ಸ್ಪೈರಲ್ ಬೈಂಡಿಂಗ್ ಸಮೇತ. ಹೋದ ವರ್ಷ 14 ಮಕ್ಕಳು ಇಕ್ಕೇರಿ ದೇವಸ್ಥಾನದ ಬಗ್ಗೆ ಒಂದೇ ಬರಹ ತಂದಿದ್ದರು. ಕಾಗುಣಿತದ ತಪ್ಪುಗಳೂ ಅವೇ. ಇಕ್ಕೇರಿ ಇಲ್ಲೇ ಇದೆ, ಸೈಕಲ್‌ನಲ್ಲಿ ಹೋಗಿ ಬರಬಹುದು. ಆ 14 ಜನರಲ್ಲಿ ಒಬ್ಬರೂ ಹೋಗಿರಲಿಲ್ಲ.

ಮಕ್ಕಳು ನನ್ನ ಕಣ್ಣೆದುರೇ ಬರೆಯುವಂತೆ ಮಾಡಿದರೆ ಹೇಗೆ ಎಂದು ಆಗ ಅನ್ನಿಸಿತು. ಗೂಗಲ್ ಡಾಕ್ಸ್‌ನಲ್ಲಿ ಯಾರು ಯಾವಾಗ ಏನು ಬರೆದರು ಎಂಬುದು ಉಳಿಯುತ್ತದೆ ಎಂದು ಯಾವುದೋ ತರಬೇತಿಯಲ್ಲಿ ಕೇಳಿದ್ದೆ.

ಜೂನ್ ಎರಡನೇ ವಾರ ನನ್ನ ಸ್ವಂತ ಜಿಮೇಲ್‌ನಿಂದ ಒಂದು ಡಾಕ್ಯುಮೆಂಟ್ ತೆರೆದೆ. 'ಲಿಂಕ್ ಇರುವ ಯಾರಾದರೂ ತಿದ್ದಬಹುದು' ಎಂದು ಒತ್ತಿ, ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಆ ಗುಂಪಿನಲ್ಲಿ ಇರುವುದು ಅಪ್ಪ ಅಮ್ಮಂದಿರ ನಂಬರ್. ರಾತ್ರಿ ಒಂಬತ್ತಕ್ಕೆ ನೋಡಿದರೆ ಹಾಳೆಯ ಮೇಲೆ ಹದಿನೈದು ಜನ ಓಡಾಡುತ್ತಿದ್ದಾರೆ. ಯಾರಿಗೂ ಹೆಸರಿಲ್ಲ. ಲಾಗಿನ್ ಆಗದೆ ಬಂದವರಿಗೆ ಗೂಗಲ್ ಪ್ರಾಣಿಗಳ ಹೆಸರು ಇಡುತ್ತದೆ. ಮರುದಿನ ಒಬ್ಬಳು ಕೇಳಿದಳು, "ಮೇಡಂ, ಕ್ಯಾಪಿಬಾರಾ ಅಂದ್ರೆ ಯಾರು? ನಾನು ಬರ್ದಿದ್ದನ್ನೆಲ್ಲ ಅಳಿಸಿಬಿಟ್ಟ." ಬೆಳಿಗ್ಗೆಯ ಹೊತ್ತಿಗೆ ಹಾಳೆಯಲ್ಲಿ ಉಳಿದಿದ್ದದ್ದು ಗುಲಾಬಿ ಹೂವಿನ ಒಂದು ಶುಭೋದಯದ ಚಿತ್ರ ಮಾತ್ರ.

ಅಳು ಬರುವುದೊಂದು ಬಾಕಿ. ಆಮೇಲೆ ಗೊತ್ತಾಯಿತು, ಏನೂ ಹೋಗಿರಲಿಲ್ಲ. ಕಂಪ್ಯೂಟರ್‌ನಲ್ಲಿ ತೆರೆದು 'ಫೈಲ್' ಒತ್ತಿದರೆ 'ವರ್ಷನ್ ಹಿಸ್ಟರಿ' ಎಂದಿದೆ. ಅಲ್ಲಿ ಹಿಂದಿನ ರಾತ್ರಿಯ ಹಾಳೆ ಹಾಗೇ ಕೂತಿತ್ತು. ಬೇರೇನೂ ಕಲಿಯದಿದ್ದರೂ ಪರವಾಗಿಲ್ಲ, ಮೊದಲು ಇದನ್ನು ಕಲಿಯಿರಿ. ಅಳಿಸಿ ಹೋದದ್ದು ವಾಪಸ್ ಬರುತ್ತದೆ ಎಂದು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ, ನಿಮ್ಮದೂ ಮಕ್ಕಳದೂ.

ಹೆಸರಿಲ್ಲದೆ ಬಂದರೆ ಆಗುವುದಿಲ್ಲ ಎಂಬುದು ಖಚಿತವಾಯಿತು. ಪ್ರತಿ ಮಗುವಿಗೂ ಒಂದು ಖಾತೆ ಬೇಕು. 13 ದಾಟಿದ ಮಕ್ಕಳು ಸ್ವಂತ ಜಿಮೇಲ್ ಮಾಡಿಕೊಳ್ಳಬಹುದು, ನಿಜ. ಆದರೆ ವಿಚಾರಿಸಿದಾಗ ಸಿಕ್ಕ ಉತ್ತರಗಳೇ ಬೇರೆ. ಫೋನ್ ಕೊಂಡ ದಿನ ಮೊಬೈಲ್ ಅಂಗಡಿಯವನು ಯಾವುದೋ ಹೆಸರಲ್ಲಿ ಮಾಡಿಕೊಟ್ಟ ಖಾತೆ, ಅದರ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸುಮಾರು ಮನೆಗಳ ಕಥೆ ಇದೇ.

ಹಾಗಾಗಿ ಶಾಲೆಯ ಹೆಸರಲ್ಲೇ ಖಾತೆ ಮಾಡುವ ದಾರಿ ಹಿಡಿದೆವು. ಗೂಗಲ್ ವರ್ಕ್‌ಸ್ಪೇಸ್ ಫಾರ್ ಎಜುಕೇಶನ್ ಎಂದಿದೆ, ಅದರಲ್ಲಿ ಫಂಡಮೆಂಟಲ್ಸ್ ಎಂಬ ಆವೃತ್ತಿ ಮಾನ್ಯತೆ ಪಡೆದ ಶಾಲೆಗಳಿಗೆ ಉಚಿತ. ಕ್ಲಾಸ್‌ರೂಮ್, ಡಾಕ್ಸ್, ಸ್ಲೈಡ್ಸ್, ಮೀಟ್ ಎಲ್ಲ ಸಿಗುತ್ತದೆ. ಆದರೆ ಶಾಲೆಗೆ ಸ್ವಂತ ಡೊಮೈನ್ ಇರಬೇಕು, ಅಂದರೆ ವೆಬ್ ವಿಳಾಸ. "ನಮ್ಮ ಶಾಲೆಗೆ ವೆಬ್‌ಸೈಟ್ ಇದೆಯಲ್ಲ!" ಎಂದರು ಹೆಡ್‌ಮಾಸ್ಟರ್ ಸರ್. ಇತ್ತು. ಅಲ್ಲಿಂದಲೇ ಕಷ್ಟ ಶುರು.

ವೆಬ್‌ಸೈಟ್ ಮಾಡಿಸಿದ್ದು ಶಾಲೆಯ ಒಂದು ದೊಡ್ಡ ಕಾರ್ಯಕ್ರಮದ ಹೊತ್ತಿಗೆ, ಒಬ್ಬ ಹಳೇ ವಿದ್ಯಾರ್ಥಿಯ ಕೈಲಿ. ಡೊಮೈನ್ ನಮ್ಮದೇ ಎಂದು ತೋರಿಸಲು ಅದರ ಡಿಎನ್‌ಎಸ್‌ನಲ್ಲಿ, ಅಂದರೆ ಆ ವಿಳಾಸದ ವಿವರಗಳ ಪಟ್ಟಿಯಲ್ಲಿ, ಗೂಗಲ್ ಕೊಟ್ಟ ಒಂದು ಸಾಲನ್ನು ಸೇರಿಸಬೇಕು, ಅದಕ್ಕೆ ಟಿಎಕ್ಸ್‌ಟಿ ರೆಕಾರ್ಡ್ ಎನ್ನುತ್ತಾರೆ. ಅದಕ್ಕೆ ಡೊಮೈನ್ ಕೊಂಡ ಖಾತೆಯ ಲಾಗಿನ್ ಬೇಕು. ಒಟಿಪಿ ಹೋಗುವುದು ಆ ಹುಡುಗನ ಹಳೇ ನಂಬರಿಗೆ. ಹುಡುಗ ಈಗ ಪುಣೆಯಲ್ಲಿ. ಅವನ ಅಮ್ಮನನ್ನು ಸಂತೆಯಲ್ಲಿ ಹಿಡಿದು ಹೊಸ ನಂಬರ್ ತೆಗೆದುಕೊಂಡೆ. ಪಾಪ, ಅವನು ಎರಡು ಭಾನುವಾರ ಕೂತು ಎಲ್ಲವನ್ನೂ ಶಾಲೆಯ ಮೇಲ್‌ಗೆ ವರ್ಗಾಯಿಸಿ ಕೊಟ್ಟ. ಡೊಮೈನ್ ಅವಧಿ ಮುಗಿಯಲು 20 ದಿನ ಮಾತ್ರ ಇತ್ತು ಎಂಬುದು ಆಗ ಗೊತ್ತಾಯಿತು! ಎರಡು ವರ್ಷಕ್ಕೆ ನವೀಕರಣ, ಜಿಎಸ್‌ಟಿ ಸೇರಿ 1,890 ರೂಪಾಯಿ. ನಾನೇ ಯುಪಿಐ ಮಾಡಿದೆ. ಆಡಳಿತ ಮಂಡಳಿಯಿಂದ ವಾಪಸ್ ಬರಲು ನವೆಂಬರ್ ಆಯಿತು, ರಸೀದಿ ಎರಡು ಸಲ ಕೇಳಿದರು. ರಸೀದಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಡೊಮೈನ್ ಇಲ್ಲದ ಶಾಲೆಯವರಿಗೆ ಒಂದು ಮಾತು. ಹೆಸರಿನ ಕೊನೆಯಲ್ಲಿ ಡಾಟ್ ಎಜು ಡಾಟ್ ಇನ್ ಬೇಕೆಂದರೆ ಅದು ಕೇಂದ್ರ ಸರ್ಕಾರದ ಸಂಸ್ಥೆ ಎರ್ನೆಟ್ ಇಂಡಿಯಾ ಮೂಲಕ ಮಾತ್ರ ಸಿಗುತ್ತದೆ, ಶಾಲೆಯ ಕಾಗದಪತ್ರ ಕೊಡಬೇಕು. ಬರೀ ಡಾಟ್ ಇನ್ ಸಾಕು ಎಂದರೆ ಯಾವ ಡೊಮೈನ್ ಮಾರುವವರ ಬಳಿಯೂ ಆದೀತು. ಏನೇ ಕೊಂಡರೂ ಒಬ್ಬ ವ್ಯಕ್ತಿಯ ಫೋನ್ ನಂಬರಿಗೆ ಕಟ್ಟಿಹಾಕಬೇಡಿ. ಶಾಲೆಯ ಆಫೀಸ್ ಫೋನ್‌ನ ನಂಬರ್ ಕೊಡಿ, ಲಾಗಿನ್ ವಿವರವನ್ನು ಮುಚ್ಚಿದ ಕವರಿನಲ್ಲಿ ಹೆಡ್‌ಮಾಸ್ಟರ್ ಬೀರುವಿನಲ್ಲಿ ಇಡಿ.

ಅರ್ಜಿ ಹಾಕಿದ್ದು ಜುಲೈನಲ್ಲಿ. ನಾವು ಒಟ್ಟು ಮಾಡಿಟ್ಟುಕೊಂಡಿದ್ದು: ಮಾನ್ಯತೆ ನವೀಕರಣದ ಆದೇಶ, ಯುಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆ), ಲೆಟರ್‌ಹೆಡ್‌ನಲ್ಲಿ ಹೆಡ್‌ಮಾಸ್ಟರ್ ಸಹಿ ಮತ್ತು ಮೊಹರು ಇರುವ ಪತ್ರ. ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟೆ. ನಮ್ಮ ತಪ್ಪು ಇದ್ದದ್ದು ಬೇರೆ ಕಡೆ. ವೆಬ್‌ಸೈಟ್‌ನಲ್ಲಿ ಶಾಲೆಯ ಬಗ್ಗೆ ಏನೂ ಇರಲಿಲ್ಲ. ಆ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಮಾತ್ರ ಇತ್ತು, ಅದೂ ವಾರೆಯಾಗಿ ಸ್ಕ್ಯಾನ್ ಆದದ್ದು. ಇದು ಶಾಲೆಯೇ ಎಂದು ನೋಡುವವರಿಗೆ ತಿಳಿಯುವುದು ಹೇಗೆ? ಹೆಚ್ಚಿನ ವಿವರ ಕೇಳಿ ಮೇಲ್ ಬಂತು. ಒಂದೇ ಪುಟದಲ್ಲಿ ಶಾಲೆಯ ಹೆಸರು, ವಿಳಾಸ, ಯಾವ ತರಗತಿಗಳು, ಮಾನ್ಯತೆಯ ವಿವರ ಹಾಕಿದೆವು. ಮತ್ತೆ ಕಾದೆವು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮೇಲ್ ನೋಡುವುದೇ ಒಂದು ಚಟವಾಯಿತು. ಒಪ್ಪಿಗೆ ಬಂದದ್ದು ಆಗಸ್ಟ್ ಎರಡನೇ ವಾರ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಬಿಸ್ಕೆಟ್ ಹಂಚಿದೆ.

ಖಾತೆ ತೆರೆಯುವುದು ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ. ಎಲ್ಲರ ಹೆಸರನ್ನೂ ಒಂದು ಶೀಟ್‌ನಲ್ಲಿ ತುಂಬಿ ಒಟ್ಟಿಗೆ ಏರಿಸಬಹುದು. ಏರಿಸಿದೆ, ಎಲ್ಲ ಕೆಂಪು. 'ಕೊನೆಯ ಹೆಸರು' ಖಾಲಿ ಬಿಡುವಂತಿಲ್ಲವಂತೆ. ನಮ್ಮ ಮಕ್ಕಳಿಗೆ ಕೊನೆಯ ಹೆಸರು ಎಲ್ಲಿಂದ ತರುವುದು? ಇನಿಶಿಯಲ್ಲನ್ನೇ ಅಲ್ಲಿ ಹಾಕಿದೆ. ಮೂವರು ಕಾವ್ಯ ಇದ್ದರು, ಇಬ್ಬರ ಇನಿಶಿಯಲ್ ಕೂಡ ಒಂದೇ. ಕೊನೆಗೆ ಮೇಲ್ ವಿಳಾಸಕ್ಕೆ ಸೇರಿದ ವರ್ಷ ಮತ್ತು ಹಾಜರಿ ಸಂಖ್ಯೆ ಇಟ್ಟೆ. ಸ್ಯಾಟ್ಸ್ ಸಂಖ್ಯೆ ಹಾಕಿದರೆ ಸುಲಭ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಬೇಡ ಎಂದೆ. ಅದು ಮಗುವಿನ ದಾಖಲೆಯ ಸಂಖ್ಯೆ, ಎಲ್ಲರಿಗೂ ಕಾಣುವ ವಿಳಾಸದಲ್ಲಿ ಯಾಕೆ ಇರಬೇಕು?

ಅದೇ ಹೊತ್ತಿಗೆ ಹೆತ್ತವರ ಒಪ್ಪಿಗೆ ಪತ್ರ. 2023ರ ದತ್ತಾಂಶ ರಕ್ಷಣೆ ಕಾನೂನಿನ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ. ಒಪ್ಪಿಗೆ ಕೈಯಲ್ಲಿ ಇರಲಿ ಎಂದು ಒಂದು ಪುಟದ ಪತ್ರ ಮಾಡಿದೆ, ಮನೆಮಾತಿನಲ್ಲಿ. ಖಾತೆ ಯಾಕೆ, ಅದರಲ್ಲಿ ಏನಿರುತ್ತದೆ, ಯಾರು ನೋಡಬಹುದು, ಶಾಲೆ ಬಿಟ್ಟ ಮೇಲೆ ಏನಾಗುತ್ತದೆ. 38 ಪತ್ರ ಎರಡೇ ದಿನದಲ್ಲಿ ಬಂತು. ಉಳಿದ ಮೂರರಲ್ಲಿ ಎರಡು ಚೀಲದ ತಳದಲ್ಲಿತ್ತು. ಮೂರನೆಯ ಹುಡುಗಿಯ ಅಪ್ಪ ಶಾಲೆಗೇ ಬಂದರು. "ಇದ್ರಿಂದ ಮಗಳ ಫೋಟೋ ಎಲ್ಲಾದ್ರೂ ಹೋಗುತ್ತಾ ಮೇಡಂ?" ನಿಜವಾದ ಪ್ರಶ್ನೆ. ಕೂರಿಸಿ ತೋರಿಸಿದೆ. ಫೋಟೋ ಹಾಕಿಸುವುದಿಲ್ಲ, ಶಾಲೆಯ ಹೊರಗಿನವರು ಹಾಳೆ ತೆರೆಯದಂತೆ ಬಂದೋಬಸ್ತ್ ಮಾಡಿದ್ದೇವೆ ಎಂದೆ. ಸಹಿ ಹಾಕಿದರು. ಹೋಗುವಾಗ, "ಉಳಿದವ್ರು ಯಾರೂ ಕೇಳ್ಲಿಲ್ವಾ?" ಎಂದರು. ಕೇಳಿರಲಿಲ್ಲ.

ಪಾಸ್‌ವರ್ಡ್‌ಗಳನ್ನು ಪ್ರಿಂಟ್ ತೆಗೆದು, ಕತ್ತರಿಸಿ, ಚೀಟಿ ಮಾಡಿ ಹಂಚಿದೆ. ಮೊದಲ ಸಲ ಒಳಗೆ ಹೋದಾಗ ಹೊಸ ಪಾಸ್‌ವರ್ಡ್ ಇಡಬೇಕು ಎಂದು ಇಟ್ಟಿದ್ದೆ, ಸುರಕ್ಷಿತ ಅಂತ. ಮೊದಲ ವಾರದಲ್ಲೇ 17 ಮಕ್ಕಳು ಮರೆತರು. ಒಬ್ಬ ಹುಡುಗ ಮೂರು ಸಲ ಬಂದ. "ಎಂತ ಇಟ್ಟಿದ್ದೆ ಮಾರಾಯ?" ಎಂದರೆ, "ಯಾರಿಗೂ ಗೊತ್ತಾಗ್ಬಾರ್ದು ಅಂತ ಕಷ್ಟದ್ದು ಇಟ್ಟೆ ಮೇಡಂ." ಅವನಿಗೂ ಗೊತ್ತಾಗದಷ್ಟು ಕಷ್ಟದ್ದು. ಪಾಸ್‌ವರ್ಡ್ ಬದಲಿಸುವ ಅಧಿಕಾರವನ್ನು ಇಬ್ಬರು ಶಿಕ್ಷಕರಿಗೆ ಕೊಟ್ಟಿಡಿ. ನಾನು ಒಬ್ಬಳೇ ಇಟ್ಟುಕೊಂಡು, ತಂಗಿಯ ಮಗಳ ಮದುವೆಯ ಧಾರೆ ಹೊತ್ತಿನಲ್ಲೂ ಫೋನ್ ಎತ್ತಿದ್ದೇನೆ.

ನಮ್ಮ ಲ್ಯಾಬ್‌ನಲ್ಲಿ 10 ಕಂಪ್ಯೂಟರ್, ನಡೆಯುವುದು 7. ಯುಪಿಎಸ್ ಬ್ಯಾಟರಿ ಸತ್ತಿತ್ತು. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಗಾಳಿ ಬೀಸಿದರೆ ಕರೆಂಟ್ ಇಲ್ಲ, ಕರೆಂಟ್ ಹೋದರೆ ನೆಟ್ ಇಲ್ಲ. ಆಗಸ್ಟ್‌ನಲ್ಲಿ ನಾಲ್ಕು ಅವಧಿ ಸುಮ್ನೆ ಹೋಯಿತು. ಮನೆಯಲ್ಲಿ ಅಪ್ಪನ ಫೋನ್ ಬಳಸಿ ಎಂದೆ. ಅದಕ್ಕೊಂದು ದೂರು ಬಂತು. ಮಗನ ಶಾಲೆ ಖಾತೆ ಹಾಕಿದ ಮೇಲೆ ಯೂಟ್ಯೂಬ್‌ನಲ್ಲಿ ಎಷ್ಟೋ ವಿಡಿಯೋ ಬರುತ್ತಿಲ್ಲ ಎಂದು. ಶಾಲೆಯ ಖಾತೆಗೆ 18ರ ಒಳಗಿನವರ ನಿರ್ಬಂಧ ಇರುತ್ತದೆ, ಆ್ಯಪ್ ಆ ಖಾತೆಗೆ ಹೊರಳಿಕೊಂಡಿತ್ತು. ಮೂಲೆಯ ಗುಂಡನೆಯ ಚಿತ್ರ ಒತ್ತಿ ತಮ್ಮ ಖಾತೆಗೆ ವಾಪಸ್ ಹೋಗುವುದನ್ನು ಪೋಷಕರಿಗೆ ಮೊದಲೇ ತೋರಿಸಿಬಿಡಿ. ನೆಟ್‌ವರ್ಕ್ ಇಲ್ಲದ ಮನೆಯವರಿಗೆ ಡಾಕ್ಸ್‌ನಲ್ಲಿ ಆಫ್‌ಲೈನ್ ಇಡುವ ಸೌಲಭ್ಯ ಉಪಯೋಗಕ್ಕೆ ಬಂತು. ಮನೆಯಲ್ಲಿ ಬರೆಯುತ್ತಾರೆ, ಬಸ್ ಸ್ಟಾಪಿನ ಹತ್ತಿರ ಬಂದಾಗ ತಾನಾಗಿ ಸೇರಿಕೊಳ್ಳುತ್ತದೆ.

ನುಡಿಯ ಕಥೆ ಹೇಳಲೇಬೇಕು. ನನ್ನ ಹಳೇ ನೋಟ್ಸ್ ಎಲ್ಲ ನುಡಿಯಲ್ಲಿ. ಕಾಪಿ ಮಾಡಿ ಡಾಕ್ಸ್‌ಗೆ ಹಾಕಿದರೆ ಕನ್ನಡವೇ ಇಲ್ಲ, ಟೋಪಿ ಬಾಲ ಅಂಟಿಸಿದ ಇಂಗ್ಲಿಷ್ ಅಕ್ಷರಗಳ ಗೀಚು. ವೈರಸ್ ಬಂತೆಂದು ಹೆದರಿ ಕಂಪ್ಯೂಟರ್ ಆಫ್ ಮಾಡಿದ್ದೆ. ಹಳೇ ನುಡಿ ಫಾಂಟ್ ಯುನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರ್, ಫೋನ್‌ಗಳೂ ಓದುವ ಅಕ್ಷರ ಸಂಕೇತ ಅಲ್ಲ. ಡಾಕ್ಸ್‌ಗೆ ಯುನಿಕೋಡ್ ಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಹಾಕಿದರೆ ಬಹುಪಾಲು ಸರಿಯಾಗುತ್ತದೆ. ಅರ್ಕಾವತ್ತು, ಅಂಕಿಗಳನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಮಕ್ಕಳಿಗೆ ಈ ತಲೆನೋವೇ ಇರಲಿಲ್ಲ. ಫೋನ್‌ನ ಗೂಗಲ್ ಕೀಲಿಮಣೆ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಮಾತಾಡಿದರು, ಕನ್ನಡ ಬಂತು. "ಮೇಡಂ, ನೀವು ಟೈಪ್ ಮಾಡೋದು ಯಾಕೆ?"

ಸೆಪ್ಟೆಂಬರ್ 22ಕ್ಕೆ ರಾಜ್ಯ ಸರ್ಕಾರದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು, ನಾನು ಮನೆ ಮನೆ ತಿರುಗಲು ಹೋದೆ. ಅದಕ್ಕಾಗಿ ದಸರಾ ರಜೆಯೂ ಅಕ್ಟೋಬರ್ 18ರವರೆಗೆ ಮುಂದೆ ಹೋಯಿತು. ಒಂದು ತಿಂಗಳು ಅಲ್ಲಿಗೆ ಮುಗಿಯಿತು. ವಾಪಸ್ ಬಂದಾಗ ಅರ್ಧ ತರಗತಿ ಪಾಸ್‌ವರ್ಡ್ ಮರೆತಿತ್ತು.

ತರಬೇತಿಯ ಹಳೇ ಕೈಪಿಡಿಯಲ್ಲಿ ಜ್ಯಾಮ್‌ಬೋರ್ಡ್ ಎಂಬ ಬಿಳಿ ಹಲಗೆಯ ಬಗ್ಗೆ ನಾಲ್ಕು ಪುಟ ಇತ್ತು. ಅದರಲ್ಲಿ ಪಾಠ ಯೋಜನೆ ಮಾಡಿಕೊಂಡು ಹುಡುಕಿದರೆ ಅದೇ ಇಲ್ಲ. 2024ರ ಡಿಸೆಂಬರ್ 31ಕ್ಕೆ ಗೂಗಲ್ ಅದನ್ನು ನಿಲ್ಲಿಸಿದೆ. ಬದಲಿಗೆ ಸ್ಲೈಡ್ಸ್ ಬಳಸಿದೆ, ಒಬ್ಬರಿಗೆ ಒಂದು ಸ್ಲೈಡ್. ಇದು ಎಷ್ಟು ಚೆನ್ನಾಗಿ ನಡೆಯಿತೆಂದರೆ ಹೊಸಬರು ಇಲ್ಲಿಂದಲೇ ಶುರು ಮಾಡಲಿ ಎನ್ನುತ್ತೇನೆ. ನಿನ್ನ ಸ್ಲೈಡ್ ನಿನ್ನದು, ಪಕ್ಕದವರದ್ದು ನೋಡಬಹುದು. ಜಗಳ ಕಡಿಮೆ. ಒಂದೇ ಡಾಕ್ಯುಮೆಂಟ್‌ಗೆ 41 ಜನರನ್ನೂ ಬಿಟ್ಟ ದಿನ ಮಾತ್ರ ಜಾತ್ರೆ. ಆಮೇಲೆ ಐದೈದು ಜನರ ಗುಂಪು ಮಾಡಿದೆ, ಗುಂಪಿಗೊಂದು ಹಾಳೆ, ಹಾಳೆಯಲ್ಲಿ ಕೋಷ್ಟಕ, ಒಬ್ಬರಿಗೊಂದು ಚೌಕ. ಬೇರೆಯವರ ಚೌಕದಲ್ಲಿ ಏನಾದರೂ ಹೇಳುವುದಿದ್ದರೆ ಕಮೆಂಟ್ ಮಾತ್ರ.

ಪ್ರಾಜೆಕ್ಟ್‌ನ ವಿಷಯ ಮುಳುಗಡೆ, ಅಂದರೆ ಅಣೆಕಟ್ಟಿನ ನೀರಿನಲ್ಲಿ ಊರುಗಳು ಮುಳುಗಿದ ಕಥೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದಾಗಿನಿಂದ ಮನೆ ಮನೆಯಲ್ಲೂ ಹಿರಿಯರು ಅದೇ ಮಾತಾಡುತ್ತಿದ್ದರು. ಅಜ್ಜ ಅಜ್ಜಿಯರನ್ನು ಕೇಳಿ ಬರೆಯಿರಿ ಎಂದೆ. ಇದು ಯಾವ ಜೆರಾಕ್ಸ್ ಅಂಗಡಿಯಲ್ಲೂ ಸಿಗುವುದಿಲ್ಲ.

ನವೆಂಬರ್ ಕೊನೆಗೆ ಒಬ್ಬ ಹುಡುಗಿ ಬರೆದಳು, ಅಜ್ಜನ ಊರು 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಮುಳುಗಿತು ಎಂದು. ಅದರ ಪಕ್ಕ ಒಬ್ಬ ಹುಡುಗನ ಕಮೆಂಟ್: "ಇದು ಸುಳ್ಳು. ನಮ್ಮ ಅಜ್ಜ ಸಣ್ಣವರಿರುವಾಗಲೇ ಮುಳುಗಿದೆ." ಅವಳು ಅತ್ತಳು. ಆವತ್ತೇ ಒಂದು ನಿಯಮ ಮಾಡಿದೆ. ಕಮೆಂಟ್‌ನಲ್ಲಿ 'ಸುಳ್ಳು', 'ತಪ್ಪು' ಬರೆಯುವಂತಿಲ್ಲ, ಪ್ರಶ್ನೆ ಕೇಳಬೇಕು. ಅವಳು ಕೇಳಿದಳು: "ನಿಮ್ಮ ಅಜ್ಜನಿಗೆ ಈಗ ಎಷ್ಟು ವರ್ಷ?" ಅವನು: "87." ಇನ್ನೊಬ್ಬ ಲೆಕ್ಕ ಹಾಕಿದ, ಹಾಗಾದರೆ 1964ಕ್ಕೆ ಅವರಿಗೆ ಇಪ್ಪತ್ತೈದರ ಮೇಲಾಗಿತ್ತಲ್ಲ, ಸಣ್ಣವರು ಹೇಗೆ? ನನಗೆ ಉತ್ತರ ಗೊತ್ತಿತ್ತು. ಬಾಯಿ ಬಿಡದೆ ಕೂತೆ. 19 ವರ್ಷ ಪಾಠ ಹೇಳಿದವಳಿಗೆ ಅದು ಎಂಥ ಕಷ್ಟ! ಮೂರನೇ ದಿನ ಹಿನ್ನೀರಿನ ಕಡೆಯ ಹುಡುಗಿಯೊಬ್ಬಳು ಬರೆದಳು: "ಬೇಸಿಗೆಯಲ್ಲಿ ನೀರು ಇಳಿದಾಗ ಒಂದು ಹಳೇ ಡ್ಯಾಮ್ ಕಾಣುತ್ತದೆ. ಅದು ಇರಬಹುದಾ?"

ಅದೇ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕೆ ನೀರು ಕೊಡಲು 1940ರ ದಶಕದಲ್ಲಿ ಕಟ್ಟಿದ್ದು. ಆಮೇಲೆ ಲಿಂಗನಮಕ್ಕಿಯ ನೀರಿನಲ್ಲಿ ಆ ಡ್ಯಾಮೇ ಮುಳುಗಿತು. ಹುಡುಗನ ಅಜ್ಜನ ಮನೆ ಮೊದಲನೆಯದಕ್ಕೆ ಹೋಗಿತ್ತು, ಹುಡುಗಿಯ ಅಜ್ಜನದ್ದು ಎರಡನೆಯದಕ್ಕೆ. ಆ ಒಂದು ಸಾಲಿಗೆ ಒಟ್ಟು 27 ಕಮೆಂಟ್ ಆಗಿತ್ತು, ರಾತ್ರಿ ಹತ್ತರವರೆಗೂ.

ಅಂಕ ಕೊಡುವಾಗ ಎಡವಿದೆ. ಹಿಸ್ಟರಿ ನೋಡಿ ಯಾರು ಎಷ್ಟು ಬರೆದರೆಂದು ಲೆಕ್ಕ ಹಾಕಿದೆ. ಒಬ್ಬಳ ಹೆಸರಲ್ಲಿ ಎರಡೇ ಸಾಲು. ಕರೆದು ಗದರಿಸಿದೆ. ಅವಳು ನೋಟ್‌ಬುಕ್ ತೆಗೆದು ತೋರಿಸಿದಳು, ಆರು ಪುಟ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲ, ಗೆಳತಿ ಟೈಪ್ ಮಾಡಿಕೊಟ್ಟಿದ್ದಳು, ತನ್ನ ಖಾತೆಯಿಂದ. ನಾಚಿಕೆಯಾಯಿತು, ಅವಳ ಹತ್ತಿರ ತಪ್ಪಾಯ್ತು ಎಂದೆ. ಯಾರ ಬೆರಳು ಓಡಿತು ಎಂಬುದನ್ನು ಮಾತ್ರ ಹಿಸ್ಟರಿ ಹೇಳುತ್ತದೆ. ನೋಟ್‌ಬುಕ್ಕನ್ನೂ ಜೊತೆಗೆ ನೋಡಿ.

ಖರ್ಚು ಕೇಳುತ್ತಾರೆ, ಹೇಳಿಬಿಡುತ್ತೇನೆ. ಡೊಮೈನ್ 1,890. ಪತ್ರ, ಚೀಟಿಗಳ ಪ್ರಿಂಟ್ 210. ಯುಪಿಎಸ್ ಬ್ಯಾಟರಿ ಹಳೇ ವಿದ್ಯಾರ್ಥಿಗಳು ಕೊಡಿಸಿದರು. ನನ್ನ ಫೋನ್‌ಗೆ ಆಗಾಗ ಹೆಚ್ಚುವರಿ ಡೇಟಾ, ಅಂದಾಜು 400. ಸಂಜೆಯ ಹೊತ್ತನ್ನು ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿದರೆ ಮನೆಯವರು ಜಗಳಕ್ಕೆ ಬರುತ್ತಾರೆ.

ಕಳೆದ ವಾರ ಎಲ್ಲ ಹಾಳೆಗಳನ್ನೂ ಪಿಡಿಎಫ್ ಮಾಡಿದೆ. ಅಜ್ಜಿಯರಿಗೆ ಓದಲು ಕಾಗದವೇ ಬೇಕು ಎಂದು ಮಕ್ಕಳು ಹಟ ಹಿಡಿದರು. ಪೆನ್‌ಡ್ರೈವ್ ಹಿಡಿದು ಪೇಟೆಗೆ ಹೋದೆ. ಬೇರೆ ಅಂಗಡಿ ಬಾಗಿಲು ಹಾಕಿತ್ತು, ಅದೇ ಜೆರಾಕ್ಸ್ ಅಂಗಡಿಗೇ ಹೋಗಬೇಕಾಯಿತು. 68 ಪುಟ, ಐದು ಪ್ರತಿ. ಅವನು ಪ್ರಿಂಟ್ ಬರುತ್ತಿದ್ದಂತೆ ಒಂದೊಂದೇ ಹಾಳೆ ಓದುತ್ತ ನಿಂತ. ಬೈಂಡಿಂಗ್ ಮಾಡಿ, ದುಡ್ಡು ಎಣಿಸಿಕೊಂಡು, ಮೆಲ್ಲಗೆ ಕೇಳಿದ:

"ಚೆನ್ನಾಗಿದೆ ಮೇಡಂ. ಇದ್ರ ಸಾಫ್ಟ್ ಕಾಪಿ ಇಲ್ಲೇ ಇರ್ಲಾ? ಬೇರೆ ಶಾಲೆ ಮಕ್ಕಳು ಕೇಳ್ತಾರೆ."

ಪೆನ್‌ಡ್ರೈವ್ ಕಿತ್ತುಕೊಂಡು ಬಂದೆ.